ವಾಟಣಿ (ಆಸ್ತಿ ಪಾಲಿನ) ದಾವೆಗೆ ಅಣ್ಣಂದಿರು ಪ್ರಾಥಮಿಕ ಆಕ್ಷೇಪಣೆ ಹಾಕಿದ್ದಾರೆ, ಕೇಸು ಇಲ್ಲಿಗೇ ಮುಗಿಯುತ್ತದಾ?

ಮುಧೋಳದ ಮಗಳು

ಎಲ್ಲರಿಗೂ ಶರಣು. ಕೋರ್ಟಿನ ವಿಷಯ ಗೊತ್ತಿದ್ದವರು ದಯವಿಟ್ಟು ಓದಿ ಹೇಳಿ. ಹದಿನೈದು ದಿನದಿಂದ ಸರಿಯಾಗಿ ನಿದ್ದೆ ಇಲ್ಲ.

ನನ್ನ ತವರು ಮುಧೋಳ ತಾಲ್ಲೂಕಿನ ಒಂದು ಹಳ್ಳಿ. ಕೊಟ್ಟಿದ್ದು ಗೋಕಾಕ ಕಡೆ. ಅಪ್ಪನಿಗೆ 12 ಎಕರೆ ಹೊಲ ಇತ್ತು, ಹೆಚ್ಚಿನದು ಕಬ್ಬು. ಅವ್ವ ಮೊದಲೇ ತೀರಿಕೊಂಡಳು. ಅಪ್ಪ 2009ರಲ್ಲಿ ಹೋದರು. ಮೃತ್ಯುಪತ್ರ ಬರೆದಿರಲಿಲ್ಲ. ನಾವು ಐದು ಮಕ್ಕಳು. ಇಬ್ಬರು ಅಣ್ಣಂದಿರು, ಅಕ್ಕ, ನಾನು, ತಂಗಿ. ತಂಗಿ 2016ರಲ್ಲಿ ಹೋಗಿಬಿಟ್ಟಳು. ಅವಳ ಮಗನಿಗೆ ಈಗ 15 ವರ್ಷ.

ಅಪ್ಪ ಹೋದ ಮೇಲೂ ಅಣ್ಣಂದಿರು ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಎರಡು ಚೀಲ ಜೋಳ, ಒಂದು ಪೆಂಟಿ ಬೆಲ್ಲ ಕಳಿಸುತ್ತಿದ್ದರು. ಪಂಚಮಿಗೆ ಕರೆಯುತ್ತಿದ್ದರು. 2020ರಿಂದ ಅದು ನಿಂತಿತು. ಮರುವರ್ಷ ಅಕ್ಕ, ನಾನು ಹೋಗಿ ಕೇಳಿದೆವು. "ನಿಮ್ಮದು ಮದುವೆ ಮಾಡಿ ಕೊಟ್ಟಾಗಲೇ ಮುಗಿದಿದೆ" ಅಂದರು. 2022ರಲ್ಲಿ ನಾವಿಬ್ಬರೂ ಸೇರಿ ದಾವೆ ಹಾಕಿದೆವು. ನೋಟಿಸು ಮುಟ್ಟಿಸುವುದರಲ್ಲೇ ವರ್ಷ ಕಳೆಯಿತು.

ಈಗ ಅವರ ಕೈಫಿಯತ್ತು (ದಾವೆಗೆ ಲಿಖಿತ ಉತ್ತರ) ಬಂದಿದೆ. ಮೊದಲ ಮೂರು ಪುಟ ಬರೀ ಪ್ರಾಥಮಿಕ ಆಕ್ಷೇಪಣೆ. ದಾವೆಗೆ ಕಾರಣವೇ ಇಲ್ಲ. ದಾವೆ ಹಾಕುವ ಮುದತ್ತು ಮೀರಿದೆ. 1998ರಲ್ಲೇ ಅಪ್ಪ ಮತ್ತು ಗಂಡುಮಕ್ಕಳ ನಡುವೆ ವಾಟಣಿ ಆಗಿ, ವರ್ದಿ (ಹೆಸರು ಬದಲಿಸಲು ಕಂದಾಯದವರಿಗೆ ಕೊಡುವ ಅರ್ಜಿ) ಕೊಟ್ಟು, ಉತಾರ (ಪಹಣಿ) ಬದಲಾಗಿದೆ. ಕೋರ್ಟ್ ಫೀ 200 ರೂಪಾಯಿ ಸಾಲದು. ಬೇಕಾದವರನ್ನು ಪಾರ್ಟಿ ಮಾಡಿಲ್ಲ. ಊರೊಳಗಿನ ಮನೆ ಸೇರಿಸಿಲ್ಲ. 5 ಎಕರೆ ಭೂನ್ಯಾಯಮಂಡಳಿಯಿಂದ ಬಂದದ್ದು, ಅದರ ಬಗ್ಗೆ ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ. ಇಷ್ಟರ ಜೊತೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 7 ರೂಲ್ 11ರಲ್ಲಿ ಒಂದು ಅರ್ಜಿ. ನಾವು ದಾವೆ ಹಾಕಿದ ವಾದಪತ್ರವನ್ನೇ ತಿರಸ್ಕರಿಸಬೇಕಂತೆ.

ನಮ್ಮ ವಕೀಲರು "ಇದು ಎಲ್ಲರೂ ಹಾಕುತ್ತಾರೆ, ನೋಡೋಣ" ಅಂತಾರೆ. ಸಾಕ್ಷಿ ಹೇಳುವ ಮುಂಚೆಯೇ ಕೇಸು ಬಿದ್ದು ಹೋಗುತ್ತದಾ? ಅಕ್ಕನಿಗೆ 61 ವರ್ಷ. ಅವಳಿಗೆ ಏನು ಹೇಳಲಿ?

ಬೈಲಹೊಂಗಲ ವಕೀಲ

ಅಕ್ಕಾರೇ, ಹೆದರಬೇಡಿ. ಆದರೆ ನಿಮ್ಮ ವಕೀಲರ "ನೋಡೋಣ" ನನಗೂ ಸರಿ ಕಾಣಲಿಲ್ಲ. ನೀವು ಬರೆದ ಪಟ್ಟಿಯಲ್ಲಿ ಕೆಲವು ಟೊಳ್ಳು, ಒಂದೆರಡು ಗಟ್ಟಿ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೊದಲು ರೂಲ್ 11. ಈ ಅರ್ಜಿ ವಿಚಾರಣೆ ಮಾಡುವಾಗ ನ್ಯಾಯಾಧೀಶರು ನಿಮ್ಮ ವಾದಪತ್ರ ಮತ್ತು ಅದರ ಜೊತೆ ನೀವು ಕೊಟ್ಟ ಕಾಗದ ಮಾತ್ರ ಓದುತ್ತಾರೆ. ಅಣ್ಣಂದಿರು ಕೈಫಿಯತ್ತಿನಲ್ಲಿ ಏನೇ ಬರೆದಿರಲಿ, ಆ ಹಂತದಲ್ಲಿ ಅದು ಲೆಕ್ಕಕ್ಕಿಲ್ಲ. ಸುಪ್ರೀಂ ಕೋರ್ಟ್ ಇದನ್ನು 2002ರ ಸಲೀಂ ಭಾಯಿ ಕೇಸಿನಲ್ಲಿ ಹೇಳಿದೆ, 2020ರ ದಹಿಬೆನ್ ಕೇಸಿನಲ್ಲಿ ಮತ್ತೆ ಹೇಳಿದೆ. 1998ರ ವಾಟಣಿ ಅವರ ಕಥೆ. ಅದು ನಿಮ್ಮ ವಾದಪತ್ರದಲ್ಲಿ ಇಲ್ಲ. ಅದನ್ನು ಅವರು ಸಾಕ್ಷಿ ಕೊಟ್ಟು ತೋರಿಸಬೇಕು.

ಆದರೆ ಇದೇ ನಿಯಮ ನಿಮಗೂ ಲಾಗೂ. ನಿಮ್ಮ ವಾದಪತ್ರದಲ್ಲಿ ಬರೆಯದೇ ಬಿಟ್ಟದ್ದನ್ನು ನೀವು ಬಾಯಲ್ಲಿ ಹೇಳಿ ಉಳಿಸಿಕೊಳ್ಳಲು ಆಗುವುದಿಲ್ಲ. ದಯವಿಟ್ಟು ನಿಮ್ಮನ್ನು ಹೊಲದಿಂದ ಹೊರಗಿಟ್ಟ ವಿಷಯ ವಾದಪತ್ರದಲ್ಲಿ ಯಾವ ಮಾತಿನಲ್ಲಿದೆ ಅಂತ ನೋಡಿ, ಹೆಸರು ತೆಗೆದು ಇಲ್ಲಿ ಹಾಕಿ. ಜೋಳ, ಬೆಲ್ಲದ ಮಾತು ಅದರಲ್ಲಿ ಇದೆಯಾ?

ಮುಧೋಳದ ಮಗಳು

ಜೋಳ, ಬೆಲ್ಲದ ಮಾತು ಎಲ್ಲೂ ಇಲ್ಲ ಸರ್. ಹೀಗಿದೆ: "ತಂದೆಯ ಮರಣಾನಂತರ ಪ್ರತಿವಾದಿಗಳು ವಾದಿಗಳನ್ನು ದಾವಾ ಆಸ್ತಿಯಿಂದ ಸಂಪೂರ್ಣ ಹೊರಗಿಟ್ಟು ತಾವೇ ಅನುಭವಿಸುತ್ತಾ ಬಂದಿದ್ದಾರೆ."

ನಾನು ಓದಿಯೇ ಸಹಿ ಮಾಡಿದ್ದೆ. ಇದರಲ್ಲಿ ತಪ್ಪೇನು ಅಂತ ಈಗಲೂ ಹೊಳೆಯುತ್ತಿಲ್ಲ.

ಬೈಲಹೊಂಗಲ ವಕೀಲ

ಇದೊಂದೇ ವಾಕ್ಯ ನಿಮಗೆ ಎರಡು ಕಡೆ ಪೆಟ್ಟು ಕೊಡುತ್ತಿದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆಯ ಎಷ್ಟೋ ವಾದಪತ್ರಗಳಲ್ಲಿ ಇದೇ ವಾಕ್ಯ ಇರುತ್ತದೆ.

ಒಟ್ಟು ಕುಟುಂಬದ ಆಸ್ತಿಯಿಂದ ಹೊರಗಿಟ್ಟವರು ಪಾಲು ಕೇಳಲು 12 ವರ್ಷ ಮುದತ್ತು. 1963ರ ಮುದತ್ತು (ಲಿಮಿಟೇಶನ್) ಕಾಯ್ದೆಯ 110ನೇ ಆರ್ಟಿಕಲ್. ಆ 12 ವರ್ಷ ಶುರುವಾಗುವುದು ಅಪ್ಪ ತೀರಿದ ದಿನದಿಂದಲ್ಲ. ನಿಮ್ಮನ್ನು ಹೊರಗಿಟ್ಟಿದ್ದಾರೆ ಅಂತ ನಿಮಗೆ ಗೊತ್ತಾದ ದಿನದಿಂದ. ಪ್ರತಿ ವರ್ಷ ಜೋಳ, ಬೆಲ್ಲ ಬರುತ್ತಿತ್ತು ಅಂದರೆ ನಿಮ್ಮನ್ನು ಹೊರಗಿಟ್ಟಿರಲೇ ಇಲ್ಲ. ಒಬ್ಬ ಪಾಲುದಾರ ಉಳುತ್ತಿದ್ದರೆ ಉಳಿದವರ ಪರವಾಗಿಯೂ ಉಳುತ್ತಿದ್ದಾನೆ ಅಂತಲೇ ಕಾನೂನು ನೋಡುತ್ತದೆ. ಹಾಗಾಗಿ ನಿಮ್ಮ ಮುದತ್ತು 2020 ಅಥವಾ 2021ರಿಂದ. ಆದರೆ ವಾದಪತ್ರ ಓದಿದವರಿಗೆ ಏನು ಕಾಣುತ್ತದೆ? "ತಂದೆಯ ಮರಣಾನಂತರ" ಅಂದರೆ 2009. ದಾವೆ 2022. 13 ವರ್ಷ. ಈ ಆಯುಧವನ್ನು ಅಣ್ಣಂದಿರ ಕೈಗೆ ನಿಮ್ಮ ಕಾಗದವೇ ಕೊಟ್ಟಿದೆ.

ಎರಡನೇ ಪೆಟ್ಟು ಕೋರ್ಟ್ ಫೀ ಕಡೆಯಿಂದ. ಕರ್ನಾಟಕದ 1958ರ ಕೋರ್ಟ್ ಫೀ ಕಾಯ್ದೆಯಲ್ಲಿ 35ನೇ ಕಲಂ ವಾಟಣಿ ದಾವೆಗೆ ಇದೆ. ನೀವು ಜಂಟಿ ಸ್ವಾಧೀನದಲ್ಲಿದ್ದೀರಿ ಅಂದರೆ ನಿಗದಿ ಫೀ. ನೀವು ಕಟ್ಟಿದ 200 ಅದೇ. ಸಂಪೂರ್ಣ ಹೊರಗಿಟ್ಟಿದ್ದಾರೆ ಅಂದರೆ ನಿಮ್ಮ ಪಾಲಿನ ಬೆಲೆ ಮೇಲೆ ಫೀ. ವಾದಪತ್ರದಲ್ಲಿ "ಸಂಪೂರ್ಣ ಹೊರಗಿಟ್ಟು" ಅಂತ ಬರೆದು 200 ಕಟ್ಟಿದರೆ ತಕರಾರು ಬಂದೇ ಬರುತ್ತದೆ.

ಆದರೆ ಇದಕ್ಕೆ ಭಯ ಬೇಡ. ಕಂದಾಯ ಕಟ್ಟುವ ಹೊಲಕ್ಕೆ ಕೋರ್ಟ್ ಫೀ ಲೆಕ್ಕದಲ್ಲಿ ಬೆಲೆ ಅಂದರೆ ವರ್ಷದ ಕಂದಾಯದ 25 ಪಟ್ಟು. ಅದು 7ನೇ ಕಲಂ. ಎಕರೆಗೆ ಎಷ್ಟೋ ಲಕ್ಷ ಬಾಳುವ ಕಬ್ಬಿನ ಹೊಲವಾದರೂ ಫೀ ದೊಡ್ಡದಾಗುವುದಿಲ್ಲ. ಎನ್‌ಎ (ಕೃಷಿಯೇತರ) ಆದ ಪ್ಲಾಟು, ಊರೊಳಗಿನ ಮನೆ ಇದ್ದರೆ ಮಾತ್ರ ಲೆಕ್ಕ ಬೇರೆ. ಫೀ ಕಡಿಮೆ ಅಂತ ಕಂಡರೂ ಕೋರ್ಟ್ ಮೊದಲು ಕಟ್ಟಲು ಟೈಮ್ ಕೊಡಲೇಬೇಕು. ಕೊಟ್ಟ ಟೈಮಿನಲ್ಲಿ ಕಟ್ಟದಿದ್ದರೆ ಮಾತ್ರ ವಾದಪತ್ರ ತಿರಸ್ಕಾರ.

ಮಾಡಬೇಕಾದ ಕೆಲಸ ಇಷ್ಟು. ವಾದಪತ್ರ ತಿದ್ದುಪಡಿಗೆ ಆರ್ಡರ್ 6 ರೂಲ್ 17ರಲ್ಲಿ ಅರ್ಜಿ ಹಾಕಿ. ವಿಚಾರಣೆ ಶುರುವಾಗುವ ಮುಂಚೆ ಹಾಕಿದರೆ ದಾರಿ ಸಲೀಸು. ಆಮೇಲೆ ತುಂಬಾ ಕಷ್ಟ. ಏನು ನಡೆಯಿತೋ ಅದನ್ನೇ ಬರೆಯಿರಿ. ಎಷ್ಟು ಚೀಲ, ಯಾವ ವರ್ಷದವರೆಗೆ, ಯಾರು ತಂದು ಇಳಿಸುತ್ತಿದ್ದರು, ಯಾವಾಗ ನಿಂತಿತು, ಕೇಳಲು ಹೋದಾಗ ಏನಂದರು. ಸುಳ್ಳು ಒಂದಕ್ಷರ ಬೇಡ. ನಿಮಗೆ ನಿಜವೇ ಸಾಕು.

ಇಂಡಿ ನಿಂಬೆ ತೋಟ

ಅಕ್ಕಾ, ಒಂದೇ ಪ್ರಶ್ನೆ. ತಂಗಿಯ ಮಗನನ್ನು ಪಾರ್ಟಿ ಮಾಡಿದ್ದೀರಾ?

ಮುಧೋಳದ ಮಗಳು

ಇಲ್ಲ ಅಣ್ಣಾರೇ. ತಂಗಿಯೇ ಇಲ್ಲ, ಹುಡುಗ ಸಣ್ಣವನು, ಆಮೇಲೆ ಅವನಿಗೆ ಕೊಟ್ಟರಾಯಿತು ಅಂತ ಬಿಟ್ಟೆವು. ತಂಗಿಯ ಗಂಡ, ನಮ್ಮ ಮೈದುನನೂ ಏನೂ ಕೇಳಲಿಲ್ಲ.

ಇಂಡಿ ನಿಂಬೆ ತೋಟ

ಹಾಗಾದರೆ ನನ್ನ ಮಾತು ದಯವಿಟ್ಟು ಕೇಳಿ. ನಮ್ಮ ಮನೆಯ ದಾವೆ ಹೋದದ್ದೇ ಈ ಕಾರಣಕ್ಕೆ.

ನಮ್ಮ ಅಜ್ಜನ ಹೊಲ ಭೀಮಾ ಕಡೆ. ಅಪ್ಪ ಮತ್ತು ಸಣ್ಣ ಕಾಕಾ ಪಾಲಿಗೆ ದಾವೆ ಹಾಕಿದರು, ದೊಡ್ಡ ಕಾಕಾ ಮೇಲೆ. ದೊಡ್ಡ ಅತ್ತೆಯನ್ನು ಜತ್ತ ಕಡೆ ಕೊಟ್ಟಿದ್ದರು, ತೀರಿಹೋಗಿ ಬಹಳ ವರ್ಷವಾಗಿತ್ತು. ಅವಳ ಮಕ್ಕಳನ್ನು ಸೇರಿಸಲಿಲ್ಲ. ದೊಡ್ಡ ಕಾಕಾ ಮೊದಲ ಕೈಫಿಯತ್ತಿನಲ್ಲೇ ಈ ತಕರಾರು ಎತ್ತಿದ್ದರು. ನಮ್ಮವರು ಲಕ್ಷ್ಯ ಕೊಡಲಿಲ್ಲ. ಕೋರ್ಟ್ ಅದರ ಮೇಲೆ ಇಶ್ಯೂ (ತೀರ್ಮಾನಿಸಬೇಕಾದ ಪ್ರಶ್ನೆ) ಮಾಡಿತು, ಆಗಲೂ ಸೇರಿಸಲಿಲ್ಲ. ಏಳು ವರ್ಷ ಸಾಕ್ಷಿ ನಡೆಯಿತು. ಅಪ್ಪ ಮೂರು ಸಲ ಕಟಕಟೆ ಹತ್ತಿದರು. ಕೊನೆಗೆ ತೀರ್ಪಿನಲ್ಲಿ, ವಾಟಣಿ ದಾವೆಯಲ್ಲಿ ಪಾಲಿರುವವರೆಲ್ಲ ಇರಲೇಬೇಕು, ಇಲ್ಲ ಅಂದ ಮೇಲೆ ದಾವೆ ನಡೆಯುವುದಿಲ್ಲ ಅಂತ ವಜಾ. ಉಳಿದ ಇಶ್ಯೂ ಎಲ್ಲ ನಮ್ಮ ಕಡೆಯೇ ಆಗಿದ್ದವು! ಅಪೀಲು ಹಾಕಿ, ಈಗ ಹೈಕೋರ್ಟಿನ ಕಲಬುರಗಿ ಪೀಠದಲ್ಲಿದೆ. ಅಪ್ಪ ಈಗ ಇಲ್ಲ.

ಒಂದು ಅರ್ಜಿ, ಒಂದು ತಾರೀಖಿನ ಕೆಲಸ ಅದು. ಅವತ್ತೇ ಮಾಡಿದ್ದರೆ ಅಪ್ಪ ತಮ್ಮ ಪಾಲು ಕಣ್ಣಲ್ಲಿ ನೋಡುತ್ತಿದ್ದರು.

ಬೈಲಹೊಂಗಲ ವಕೀಲ

ಇಂಡಿ ಅಣ್ಣಾರು ಹೇಳಿದ್ದು ನೂರಕ್ಕೆ ನೂರು ನಿಜ. ನಿಮ್ಮ ಪಟ್ಟಿಯಲ್ಲಿ ನಿಜವಾಗಿ ಗಟ್ಟಿ ತಕರಾರು ಇದೇ. ಪಾರ್ಟಿ ಬಿಟ್ಟುಹೋಯಿತು ಅಂತ ಸಾಮಾನ್ಯವಾಗಿ ದಾವೆ ಬೀಳುವುದಿಲ್ಲ. ಆದರೆ ಅವರಿಲ್ಲದೆ ತೀರ್ಪು ಕೊಡಲು ಆಗುವುದೇ ಇಲ್ಲ ಅನ್ನುವಂಥವರನ್ನು ಬಿಟ್ಟರೆ ಬೀಳುತ್ತದೆ. ಆರ್ಡರ್ 1 ರೂಲ್ 9ರಲ್ಲಿ ಇದೆ. ಸೇರಿಸಲು ರೂಲ್ 10.

ಇನ್ನೊಂದು ವಿಷಯ. ಮಗನೊಬ್ಬನೇ ಸಾಲದು. ತಂಗಿ 2016ರಲ್ಲಿ ತೀರಿದ್ದಾರೆ, ಆಗಲೇ ಅವರ ಪಾಲು ಅವರದಾಗಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಪ್ರಕಾರ ಹೆಣ್ಣುಮಗಳ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ. ಹಾಗಾಗಿ ನಿಮ್ಮ ಮೈದುನರೂ ಪಾರ್ಟಿ. ಹುಡುಗ ಅಪ್ರಾಪ್ತ, ಅವನ ಪರವಾಗಿ ಪೋಷಕರನ್ನು ತೋರಿಸಬೇಕು. ವಾದಿಯಾಗಲು ಅವರಿಗೆ ಮನಸ್ಸಿಲ್ಲದಿದ್ದರೆ ಪ್ರತಿವಾದಿಯಾಗಿ ಸೇರಿಸಿ. ಪಾಲು ಹೇಗಿದ್ದರೂ ಸಿಗುತ್ತದೆ. ಊರೊಳಗಿನ ಮನೆಯನ್ನೂ ವಾದಪತ್ರದ ಶೆಡ್ಯೂಲಿಗೆ (ಆಸ್ತಿ ಪಟ್ಟಿಗೆ) ಹಾಕಿ. ಅರ್ಧ ಆಸ್ತಿಗೆ ಮಾತ್ರ ವಾಟಣಿ ಕೇಳಿದ್ದಾರೆ ಅನ್ನುವ ತಕರಾರು ಅಲ್ಲಿಗೆ ಹೋಯಿತು.

ಅಥಣಿ ಕಡೆಯವನು

ಎಲ್ಲರೂ ವಾದಿ ಕಡೆಯಿಂದಲೇ ಮಾತಾಡುತ್ತಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ನಾನು ಪ್ರತಿವಾದಿ.

ನಮ್ಮ ಅಪ್ಪ ಮತ್ತು ದೊಡ್ಡಪ್ಪನ ನಡುವೆ ಹಿಂದೆಯೇ ದಾವೆಯಾಗಿ, ಕೋರ್ಟಿನಲ್ಲೇ ರಾಜಿಯಾಗಿ ಡಿಕ್ರಿ ಆಗಿದೆ. ಅದರ ಪ್ರಕಾರ ಬದು ಹಾಕಿ, ಬಾವಿ ತೋಡಿ, ಸಾಲ ಮಾಡಿ ದ್ರಾಕ್ಷಿ ಹಚ್ಚಿದ್ದೇವೆ. ಈಗ ದೊಡ್ಡಪ್ಪನ ಮಕ್ಕಳು ಆ ರಾಜಿಯೇ ಮೋಸ ಅಂತ ಹೊಸ ದಾವೆ ಹಾಕಿದ್ದಾರೆ. ಇದು ಮೂರನೇ ಸಲ. ಪ್ರತಿ ಸಲ ವಕೀಲರ ಫೀ, ಪ್ರತಿ ಸಲ ತಡೆಯಾಜ್ಞೆ, ಬ್ಯಾಂಕಿನವರು ಸಾಲ ನಿಲ್ಲಿಸುತ್ತಾರೆ. ಪ್ರಾಥಮಿಕ ಆಕ್ಷೇಪಣೆ ಇರುವುದೇ ನಮ್ಮಂಥವರಿಗೆ ಅಲ್ವಾ? ಅದನ್ನು ಬರೀ ಕಾಲ ತಳ್ಳುವ ಆಟ ಅಂತ ನೋಡಬೇಡಿ.

ಬೈಲಹೊಂಗಲ ವಕೀಲ

ತಮ್ಮಾ, ನೀವು ಹೇಳುವುದರಲ್ಲಿ ನ್ಯಾಯ ಇದೆ. ಹುರುಳಿಲ್ಲದ ದಾವೆಯನ್ನು ಮೊಳಕೆಯಲ್ಲೇ ಚಿವುಟಬೇಕು ಅಂತ 1977ರಲ್ಲೇ ಸುಪ್ರೀಂ ಕೋರ್ಟ್ ಅರಿವಂದಂದಂ ಕೇಸಿನಲ್ಲಿ ಹೇಳಿದೆ. ಅದು ನಮ್ಮ ಕರ್ನಾಟಕದಿಂದ ಹೋದ ಕೇಸೇ.

ನಿಮ್ಮದರಲ್ಲಿ ಎರಡು ದಾರಿ ಇವೆ, ಕಲೆಸಬೇಡಿ. ರಾಜಿ ಡಿಕ್ರಿ ಕಾನೂನುಬದ್ಧವಲ್ಲ ಅಂತ ಬೇರೆ ದಾವೆ ಹಾಕುವಂತಿಲ್ಲ ಅನ್ನುತ್ತದೆ ಆರ್ಡರ್ 23 ರೂಲ್ 3ಎ. ಮೋಸ ಆಗಿದ್ದರೆ ಆ ರಾಜಿ ದಾಖಲು ಮಾಡಿದ ಕೋರ್ಟಿಗೇ ಹೋಗಬೇಕು. ಅವರ ವಾದಪತ್ರದಲ್ಲೇ ಆ ಡಿಕ್ರಿಯ ಮಾತು ಬಂದಿದ್ದರೆ ರೂಲ್ 11 ಅರ್ಜಿಗೆ ಬಲ ಇದೆ. "ಇದು ಹಿಂದೆಯೇ ತೀರ್ಮಾನವಾಗಿದೆ" ಅನ್ನುವ ರೆಸ್ ಜುಡಿಕೇಟಾ ತಕರಾರು ಬೇರೆ. ಅದಕ್ಕೆ ಹಳೆ ದಾವೆಯ ವಾದಪತ್ರ, ಇಶ್ಯೂ, ತೀರ್ಪು ಎಲ್ಲ ನೋಡಬೇಕು. ಅದನ್ನು ರೂಲ್ 11ರಲ್ಲಿ ತೀರ್ಮಾನಿಸುವಂತಿಲ್ಲ ಅಂತ 2021ರ ಶ್ರೀಹರಿ ತೋಟಲಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆ ಫೈಲಿನ ಸರ್ಟಿಫೈಡ್ ನಕಲು ತೆಗೆಸಿ, ಕೈಫಿಯತ್ತಿನಲ್ಲಿ ಎತ್ತಿ, ಇಶ್ಯೂ ಮಾಡಿಸಿ. ಬರೀ ಕಾನೂನಿನ ಪ್ರಶ್ನೆಯಾಗಿದ್ದು, ಅಧಿಕಾರವ್ಯಾಪ್ತಿಗೋ ದಾವೆಗೆ ಕಾನೂನಿನ ತಡೆಗೋ ಸೇರಿದ್ದರೆ ಆರ್ಡರ್ 14 ರೂಲ್ 2ರಲ್ಲಿ ಮೊದಲು ಅದನ್ನೇ ತೀರ್ಮಾನಿಸಿ ಅಂತ ಕೇಳಬಹುದು.

ನಿವೃತ್ತ ತಲಾಠಿ

ತಂಗಿ ಮುಧೋಳದವರೇ, 1998ರ ವರ್ದಿ ಬಗ್ಗೆ ನಾನು ಹೇಳುತ್ತೇನೆ. ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಎಷ್ಟೋ ವರ್ದಿ ನೋಡಿದವನು.

ನಮ್ಮ ಭಾಗದಲ್ಲಿ ನೋಂದಣಿ ಖರ್ಚು ಉಳಿಸಲು ಮನೆಮನೆಯಲ್ಲೂ ವರ್ದಿ ಮೇಲೆ ವಾಟಣಿ ತೋರಿಸುತ್ತಿದ್ದರು. ಅದರಲ್ಲಿ ಎರಡು ಥರ. ಒಂದು, ನಿಜವಾಗಿ ಬೇರೆಯಾಗಿ ಒಲೆ ಎರಡಾಗಿರುವುದು. ಇನ್ನೊಂದು, ಸಾಲಕ್ಕೋ ಸಬ್ಸಿಡಿಗೋ ಸಣ್ಣ ರೈತ ಅಂತ ಕಾಣಲಿಕ್ಕೆ ಕಾಗದದ ಮೇಲೆ ಮಾತ್ರ. ಉತಾರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಯಾವುದು ಅಂತ ಬೇರೆ ಕಾಗದ ಹೇಳುತ್ತವೆ.

ತಹಶೀಲ್ದಾರ ಕಚೇರಿಯಲ್ಲಿ ಆ ಮ್ಯುಟೇಶನ್ ನಕಲು ಕೇಳಿ. ವರ್ದಿ, ನೋಟಿಸು ಕೊಟ್ಟ ದಾಖಲೆ, ಯಾರ ಸಹಿ, ಎಲ್ಲಾ ಬೇಕು. 1998ರಿಂದ ಅಪ್ಪ ತೀರುವವರೆಗಿನ ಉತಾರ ತೆಗೆಸಿ. ಭೂಮಿ ಗಣಕೀಕರಣಕ್ಕೆ ಮುಂಚಿನವು ಕೈಬರಹದವು, ಅವನ್ನೂ ಬಿಡಬೇಡಿ. 9ನೇ ಕಲಂ ಮಾತ್ರ ನೋಡಬೇಡಿ, 11ನೇ ಕಲಂನಲ್ಲಿ ಸಾಲ ಯಾರ ಹೆಸರಲ್ಲಿದೆ ನೋಡಿ. ಆಮೇಲೆ ಊರ ಕೃಷಿ ಪತ್ತಿನ ಸಂಘಕ್ಕೆ ಹೋಗಿ ಅಪ್ಪನ ಬೆಳೆಸಾಲದ ಲೆಕ್ಕ ಕೇಳಿ. ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲು ಯಾರ ಹೆಸರಿಗೆ ಬರುತ್ತಿತ್ತು? 1998ರ ನಂತರವೂ ಅಪ್ಪನ ಹೆಸರಿಗೇ ಪೂರ್ತಿ ಬಿಲ್ಲು ಬಂದಿದ್ದರೆ ಆ ವಾಟಣಿ ಹೊಲಕ್ಕೆ ಇಳಿದಿಲ್ಲ ಅಂತ ತೋರಿಸಲು ಅದು ದೊಡ್ಡ ಕಾಗದ.

ಹಿಡಕಲ್ ನೀರು

ತಲಾಠಿ ಅಜ್ಜಾರ ಮಾತಿಗೆ ಒಂದು ಸೇರಿಸುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ 2004ರ ಡಿಸೆಂಬರ್ 20ಕ್ಕೆ ಮುಂಚಿನ ವಾಟಣಿಗೆ ರಕ್ಷಣೆ ಇದೆ. ಆದರೆ ವಾಟಣಿ ಅಂದರೆ ನೋಂದಣಿಯಾದ ಪತ್ರ, ಇಲ್ಲವೇ ಕೋರ್ಟ್ ಡಿಕ್ರಿ. ಬಾಯಿಮಾತಿನ ವಾಟಣಿಯನ್ನು ಸುಲಭವಾಗಿ ಒಪ್ಪಬಾರದು, ಸರ್ಕಾರಿ ದಾಖಲೆಯ ಗಟ್ಟಿ ಆಧಾರ ಇರುವ ಅಪರೂಪದ ಕೇಸಿನಲ್ಲಿ ಮಾತ್ರ ಒಪ್ಪಬಹುದು ಅಂತ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಹೇಳಿದೆ.

ಇದರ ಹಿಂದಿನ ಕಥೆ ನಮ್ಮ ಜಿಲ್ಲೆಯದೇ. ಫೂಲವತಿ ಕೇಸು 1992ರಲ್ಲಿ ಬೆಳಗಾವಿ ಕೋರ್ಟಿನಲ್ಲಿ ಶುರುವಾದ ವಾಟಣಿ ದಾವೆ. 2015ರಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ, 2005ರ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿರಬೇಕು ಅಂದಿತ್ತು. ಎಷ್ಟೋ ಹೆಣ್ಣುಮಕ್ಕಳ ದಾವೆ ಆಗ ತಣ್ಣಗಾದವು. ವಿನೀತಾ ಶರ್ಮಾ ಆ ಮಾತನ್ನು ತೆಗೆದುಹಾಕಿತು. ಮಗಳ ಹಕ್ಕು ಹುಟ್ಟಿನಿಂದಲೇ, ತಂದೆ ಬದುಕಿರಬೇಕಿಲ್ಲ, ಮದುವೆಯಾಗಿದ್ದರೂ ಅಡ್ಡಿಯಿಲ್ಲ. ಅಕ್ಕಾರೇ, ನಿಮ್ಮ ಅಪ್ಪ 2009ರವರೆಗೆ ಇದ್ದರು. ಹಳೆ ತೀರ್ಪು ಹಿಡಿದರೂ ನಿಮ್ಮ ಹಕ್ಕು ಉಳಿಯುತ್ತಿತ್ತು. "ಮದುವೆ ಮಾಡಿ ಕೊಟ್ಟಾಗಲೇ ಮುಗಿದಿದೆ" ಅನ್ನುವ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ.

ಮುಧೋಳದ ಮಗಳು

ಕಣ್ಣು ತುಂಬಿ ಬಂತು. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಆ 5 ಎಕರೆ ಭೂನ್ಯಾಯಮಂಡಳಿಯ ವಿಷಯ? ಅಜ್ಜ ಲಾವಣಿ (ಗೇಣಿ) ಮಾಡುತ್ತಿದ್ದ ಹೊಲ, ಡಿಕ್ಲರೇಶನ್ ಹಾಕಿ ಅಪ್ಪನ ಹೆಸರಿಗೆ ಆಗಿದ್ದು.

ಬೈಲಹೊಂಗಲ ವಕೀಲ

ಕುಳ (ಗೇಣಿದಾರ) ಯಾರು ಅನ್ನುವ ಪ್ರಶ್ನೆ ಬಂದರೆ ಸಿವಿಲ್ ಕೋರ್ಟ್ ತೀರ್ಮಾನಿಸುವಂತಿಲ್ಲ, ಅದು ನ್ಯಾಯಮಂಡಳಿಯ ಕೆಲಸ. ಭೂಸುಧಾರಣಾ ಕಾಯ್ದೆಯ 132, 133ನೇ ಕಲಂ. ಆದರೆ ನಿಮ್ಮಲ್ಲಿ ಆ ಪ್ರಶ್ನೆ ಯಾವತ್ತೋ ಮುಗಿದಿದೆ. ಈಗಿನ ಪ್ರಶ್ನೆ ಬಂದ ಹೊಲದಲ್ಲಿ ಯಾರಿಗೆ ಎಷ್ಟು ಅನ್ನುವುದು. ಅದು ಸಿವಿಲ್ ಕೋರ್ಟಿನದೇ. ಅದು ಕುಟುಂಬದ್ದಲ್ಲ, ಅಪ್ಪನ ಸ್ವಂತದ್ದು ಅಂತ ಅವರು ವಾದಿಸಿದರೂ ನಿಮಗೆ ನಷ್ಟವಿಲ್ಲ. ಮೃತ್ಯುಪತ್ರ ಇಲ್ಲ, ಹಾಗಾಗಿ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ ಪ್ರಕಾರ ಮಕ್ಕಳೆಲ್ಲರಿಗೂ ಸಮಪಾಲು. ಹೇಗೆ ತಿರುವಿದರೂ ಐದನೇ ಒಂದು. 12 ಎಕರೆಯಲ್ಲಿ 2 ಎಕರೆ 16 ಗುಂಟೆ. ವಾದಪತ್ರದಲ್ಲಿ ಎರಡೂ ರೀತಿಯಲ್ಲಿ ಕೇಳಿರಿ.

ಕಿತ್ತೂರು ನಾಡು

ನಮ್ಮದು ಹಳೆ ವತನ (ಹಿಂದೆ ಊರ ಅಧಿಕಾರದ ಸೇವೆಗೆ ಕೊಟ್ಟ) ಹೊಲ, ವತನ ಆಸ್ತಿ ಹಂಚುವಂತಿಲ್ಲ ಅಂತ ತಕರಾರು ಇದೆ. ಇದಕ್ಕೇನು?

ಬೈಲಹೊಂಗಲ ವಕೀಲ

ಕುಂದಗೋಳ ದೇಶಗತಿ ಕೇಸಿನಲ್ಲಿ ಇದೇ ವಾದ ಸುಪ್ರೀಂ ಕೋರ್ಟಿಗೆ ಹೋಗಿ 1982ರಲ್ಲಿ ಬಿದ್ದಿದೆ. ರಿಗ್ರಾಂಟ್ (ವತನ ರದ್ದಾದ ಮೇಲೆ ಹೊಲ ಮರಳಿ ಕೊಟ್ಟ) ಆದೇಶ ಯಾರ ಹೆಸರಿಗಿದೆ ನೋಡಿ. ಬೇರೆ ಥ್ರೆಡ್ ಹಾಕಿ, ಅಲ್ಲಿ ಬರೆಯುತ್ತೇನೆ.

ಬೀಳಗಿ ಮುಳುಗಡೆ

ಹೊಲ ಆಲಮಟ್ಟಿ ಹಿನ್ನೀರಿಗೆ ಹೋಗುವ ಊರಿನವರು ಒಂದು ಗಮನದಲ್ಲಿಡಿ. ರೂಲ್ 11 ಅರ್ಜಿ ಎಳೆಯುವಷ್ಟರಲ್ಲಿ ಪರಿಹಾರದ ದುಡ್ಡು ಉತಾರದಲ್ಲಿ ಹೆಸರಿದ್ದವರ ಖಾತೆಗೆ ಹೋಗಿಬಿಡುತ್ತದೆ. ನಮ್ಮ ಅವ್ವನಿಗೆ ಹಾಗೇ ಆಯಿತು. ಪಾಲು ಇತ್ಯರ್ಥವಾಗುವವರೆಗೆ ದುಡ್ಡು ಕೊಡಬೇಡಿ ಅಂತ ಭೂಸ್ವಾಧೀನ ಅಧಿಕಾರಿಗೆ ಮೊದಲೇ ಲಿಖಿತವಾಗಿ ತಕರಾರು ಕೊಡಿ. ಸ್ವೀಕೃತಿ ತಗೊಳ್ಳಿ.

ಹಿಡಕಲ್ ನೀರು

ಖರ್ಚಿನ ಬಗ್ಗೆಯೂ ಹೇಳಬೇಕು. 1987ರ ಕಾನೂನು ಸೇವೆಗಳ ಕಾಯ್ದೆ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ವಕೀಲರ ನೆರವು ಉಚಿತ. ಆದಾಯದ ಮಿತಿ ಇವರಿಗೆ ಇಲ್ಲ. ತಾಲ್ಲೂಕು ಕೋರ್ಟಿನಲ್ಲೇ ಸಮಿತಿ ಇರುತ್ತದೆ. ಎಷ್ಟೋ ಅಕ್ಕತಂಗಿಯರು ದುಡ್ಡಿಲ್ಲ ಅಂತ ಸುಮ್ನೆ ಕೂತಿದ್ದಾರೆ.

ಮುಧೋಳದ ಮಗಳು

ಮತ್ತೆ ಬಂದೆ. ಐದು ತಿಂಗಳಾಯಿತು.

ತಿದ್ದುಪಡಿ ಅರ್ಜಿ ಹಾಕಿದೆವು. ಜೋಳ, ಬೆಲ್ಲ, ಪಂಚಮಿ, ಎಲ್ಲಾ ಬರೆದೆವು. ಮೈದುನ ಮತ್ತು ಹುಡುಗನನ್ನು ಸೇರಿಸಿದೆವು. ಮನೆಯನ್ನೂ ಸೇರಿಸಿ ಅದಕ್ಕೆ ಫೀ ಕಟ್ಟಿದೆವು. ಅಣ್ಣಂದಿರ ಕಡೆಯವರು ವಿರೋಧ ಮಾಡಿದರು, ಕೋರ್ಟ್ ಸ್ವಲ್ಪ ಖರ್ಚು ಹಾಕಿ ಒಪ್ಪಿತು. ಹೋದ ವಾರ ರೂಲ್ 11 ಅರ್ಜಿ ವಜಾ ಆಯಿತು. ಮುದತ್ತು ಸಾಕ್ಷಿ ಮೇಲೆ ತೀರ್ಮಾನವಾಗಬೇಕಾದ್ದು, ವರ್ದಿ ಅವರು ರುಜುವಾತು ಮಾಡಬೇಕಾದ್ದು ಅಂತ ಬರೆದಿದ್ದಾರೆ.

ಅವತ್ತು ಕೋರ್ಟಿನ ಪಡಸಾಲೆಯಲ್ಲಿ ದೊಡ್ಡಣ್ಣ ತಂಗಿಯ ಮಗನನ್ನು ನೋಡಿ, ಯಾವ ಕ್ಲಾಸು ಅಂತ ಕೇಳಿದ. ಆರು ವರ್ಷದ ಮೇಲೆ ಮಾತಾಡಿಸಿದ್ದು.

ತಲಾಠಿ ಅಜ್ಜಾರೇ, ನೀವು ಹೇಳಿದ ಹಾಗೆ ಹೋಗಿ ಕೇಳಿದೆ. 2003ರಿಂದ 2008ರವರೆಗಿನ ಕಬ್ಬಿನ ಬಿಲ್ಲು ಅಪ್ಪನ ಟ್ರಂಕಿನಲ್ಲೇ ಸಿಕ್ಕವು, ಎಲ್ಲಾ ಅಪ್ಪನ ಹೆಸರಲ್ಲೇ ಇವೆ. ಸಂಘದ ಸಾಲದ ಲೆಕ್ಕಕ್ಕೆ ಅರ್ಜಿ ಕೊಟ್ಟಿದ್ದೇನೆ. ಬಿಲ್ಲಿನ ಮೂಲ ಪ್ರತಿ ಈಗಲೇ ಕೋರ್ಟಿಗೆ ಕೊಡಬೇಕಾ ಸರ್, ಝೆರಾಕ್ಸ್ ಸಾಕಾ?

ಬೈಲಹೊಂಗಲ ವಕೀಲ

ಓದಿ ತುಂಬಾ ಸಂತೋಷವಾಯಿತು ಅಕ್ಕಾರೇ. ಮೂಲ ಪ್ರತಿಯೇ ಬೇಕು, ಇಶ್ಯೂಸ್ ಆಗುವುದರೊಳಗೆ ಪಟ್ಟಿ ಸಮೇತ ಹಾಜರು ಮಾಡಿ. ಮೊದಲು ಎರಡು ಸೆಟ್ ಝೆರಾಕ್ಸ್ ತೆಗೆದು ಮನೆಯಲ್ಲಿಡಿ, ಹಳೆ ಬಿಲ್ಲಿನ ಅಕ್ಷರ ಬೇಗ ಮಾಸುತ್ತದೆ. ಅವರು ಆದೇಶದ ವಿರುದ್ಧ ಧಾರವಾಡ ಪೀಠಕ್ಕೆ ಹೋಗಬಹುದು. ಅಲ್ಲಿ ಇವತ್ತೇ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಮಾಡಬೇಡಿ ಅನ್ನುವ ಅರ್ಜಿ) ಹಾಕಿಸಿ. ಅದು 90 ದಿನ ಮಾತ್ರ ನಡೆಯುತ್ತದೆ, ತಾರೀಖು ಗುರುತು ಹಾಕಿಟ್ಟುಕೊಳ್ಳಿ.